ಎರಡನೇ ಘಟ್ಟ

ಚಿಗವ್ವಾ,

ನೀನಿದ್ದಾಗ ನಿನಗೆ ಬಂದ ಕಾಗದಗಳನ್ನು ಕಾಕಾ ಓದಿ ಹೇಳುತ್ತಿದ್ದ. ಅರ್ಧ ನಾನು ಬರೆದದ್ದು, ಅರ್ಧ ಅವನು ಸೇರಿಸಿದ್ದು. ಧಾರವಾಡದ ಹಾಸ್ಟೆಲಿನಿಂದ ‘ಆರಾಮ ಇದ್ದೇನೆ’ ಎಂದಷ್ಟೇ ನಾನು ಬರೆದರೂ ಅವನು, “ಆರಾಮ ಅದಾಳಂತ, ಆದ್ರ ನಿನ್ನ ಕೈ ರೊಟ್ಟಿ ನೆನಸಿ ಊಟಾನ ಸೇರವಲ್ದಂತ” ಎಂದು ಓದಿಬಿಡುತ್ತಿದ್ದ. ಮರುದಿನವೇ ನೀನು ರೊಟ್ಟಿ ಗಂಟು ಕಟ್ಟಿ, ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಪರಿಚಯದವರ ಕೈಗೆ ಕೊಟ್ಟು ಕಳಿಸುತ್ತಿದ್ದೆ. ನಮ್ಮ ಹಾಸ್ಟೆಲಿನ ಹುಡುಗಿಯರೆಲ್ಲ ಕಾಕಾನ ಸುಳ್ಳಿನ ಮೇಲೆ ಹೊಟ್ಟೆ ತುಂಬಿಸಿಕೊಂಡವರೇ. ಈ ಕಾಗದವನ್ನು ನೀನಿರುವಲ್ಲಿ ಯಾರು ಓದಿ ಹೇಳುತ್ತಾರೋ ಗೊತ್ತಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಡೆಯ ಸಮಾಚಾರವನ್ನೂ ಕೇಳಿ ಬರೆಯಬೇಕೆಂದು ಪೆನ್ನು ಎತ್ತಿದೆ, ಆಮೇಲೆ… ಇರಲಿ.

ನಿನ್ನೆ ದಸರಾ ಮುಗಿಯಿತು. ನೀನು ಹೋದ ಮೇಲೆ ಇದು ಎರಡನೆಯದು. ನಿನ್ನ ಪಡಸಾಲೆಯಲ್ಲಿಯೇ ಕೂತು ಬರೆಯುತ್ತಿದ್ದೇನೆ. ಕಾಕಾ ಕಟ್ಟೆಯ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದಾನೆ, ಯಾರಿಗೆ ಕಾಗದ ಎಂದು ಎರಡು ಸಲ ಕೇಳಿದ. ನಿನಗೆ ಒಂದು ಸುದ್ದಿ ಹೇಳುವುದಿದೆ. ಆದರೆ ನೀನು ಯಾವ ಸುದ್ದಿಯನ್ನೂ ತುದಿಯಿಂದ ಕೇಳಿದವಳಲ್ಲ. “ಬುಡದಿಂದ ಹೇಳ, ಇಲ್ಲಂದ್ರ ಹೇಳಬ್ಯಾಡ” ಎನ್ನುತ್ತಿದ್ದೆ. ಹಾಗಾಗಿ ನಿನಗೆ ಗೊತ್ತಿದ್ದದ್ದನ್ನೇ ಮತ್ತೊಮ್ಮೆ ಬುಡದಿಂದ ಹೇಳುತ್ತೇನೆ. ನನಗೂ ಅದನ್ನೆಲ್ಲ ನೆನೆಯಬೇಕೆನಿಸಿದೆ.

ನನ್ನನ್ನು ಮೊದಲ ಸಲ ರಸ್ತಾಪಟ್ಟಿಗೆ ಕರೆದುಕೊಂಡು ಹೋದದ್ದು ನೆನಪಿದೆಯೇನು? ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದೊಡ್ಡ ರಸ್ತೆಗೂ ಕಾಕಾನ ಮೆಣಸಿನಕಾಯಿ ಹೊಲಕ್ಕೂ ನಡುವೆ, ಸೀರೆಯ ಅಂಚಿನ ಹಾಗೆ ಉದ್ದಕ್ಕೆ ಬಿದ್ದಿದ್ದ ಎರೆಮಣ್ಣಿನ ತುಂಡು ಅದು. ನನ್ನ ಅಜ್ಜ, ಅಂದರೆ ನಿನ್ನ ಅಪ್ಪ, ಮದುವೆಯಲ್ಲಿ ನಿನ್ನ ಉಡಿಗೆ ಹಾಕಿ ಕೊಟ್ಟ ಭೂಮಿ. ಉಳಿದ ಹೊಲವೆಲ್ಲ ಕಾಕಾನದು, ಇದೊಂದೇ ನಿನ್ನದು. “ಇದರಾಗ ಏನ್ ಬಿತ್ತತಿ, ಯಾಕ ಬಿತ್ತತಿ ಅಂತ ಯಾರೂ ನನಗ ಕೇಳೂಹಂಗಿಲ್ಲ” ಎಂದು ಬದುವಿನ ಮೇಲೆ ನಿಂತು ಹೇಳಿದ್ದೆ. ಮೆಂತೆ, ರಾಜಗಿರಿ, ಕಿರಕಸಾಲಿ, ಸಬ್ಬಸಗಿ. ಸುತ್ತಲ ಹೊಲ ಒಣಗಿ ಬಿರುಕು ಬಿಟ್ಟಾಗಲೂ ಅದು ಮಾತ್ರ ಹಸಿಹಸಿ. ಮೆಂತೆಯ ನಾಲ್ಕು ಎಸಳು ಕಿತ್ತು, ಸೆರಗಿಗೆ ಒರೆಸಿ, ನನ್ನ ಬಾಯಿಗಿಟ್ಟೆ. ಅಣ್ಣಿಗೇರಿ ಸಂತೆಯಲ್ಲಿ ನಿನ್ನ ಸೊಪ್ಪಿಗೆ, ‘ಗಂಗವ್ವನ ಪಲ್ಲೆ’ ಎಂದರೆ, ಚೌಕಾಸಿಯೇ ಇರುತ್ತಿರಲಿಲ್ಲ. ಆ ಹಸಿಯ ನೀರು ತನ್ನೊಡನೆ ಏನು ತರುತ್ತಿತ್ತು ಎಂದು ಆಗ ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಎಂಎಸ್ಸಿಯ ಎರಡನೇ ವರ್ಷ ನಾನು ಚೀಲ, ಚಾಕು, ಹಳೆ ಪೇಪರಿನ ಪೊಟ್ಟಣ ಹಿಡಿದು ಬಂದಾಗ ನೀನು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ರಸ್ತೆ ಬದಿಯ ಗಿಡಗಳು ಮಣ್ಣಿನಲ್ಲಿರುವ ಸೀಸ, ಸತು ಮುಂತಾದ ಲೋಹಗಳನ್ನು ಹೇಗೆ ತಾಳಿಕೊಳ್ಳುತ್ತವೆ ಎಂಬುದನ್ನು ನೋಡು ಎಂದು ನಮ್ಮ ಗುರುಗಳು ವಿಷಯ ಕೊಟ್ಟಿದ್ದರು. ಪೆಟ್ರೋಲಿನಲ್ಲಿ ಬೆರೆಸಿದ ಸೀಸ ಹೊಗೆಯಲ್ಲಿ ಬಂದು ರಸ್ತೆಯ ಎರಡೂ ಬದಿಗೆ ಬೀಳುತ್ತದೆ, ಟಾಯರು ಸವೆದ ಪುಡಿಯಲ್ಲಿ ಸತು ಇರುತ್ತದೆ, ಎಂದು ನಾನು ಪುಸ್ತಕದ ಮಾತು ಹೇಳಿದೆ. ನೀನು ನನ್ನ ಪೊಟ್ಟಣಗಳನ್ನು ಮೂಸಿ ನೋಡಿ, “ಈ ಪಲ್ಲೆ ತಗೊಂಡು ಏನ್ ಮಾಡ್ತೀ?” ಎಂದೆ. ಒಣಗಿಸಿ, ಸುಟ್ಟು ಬೂದಿ ಮಾಡಿ, ಆ ಬೂದಿಯಲ್ಲಿ ಏನಿದೆ ಎಂದು ನೋಡುತ್ತೇವೆ ಎಂದೆ ನಾನು.

“ಪಲ್ಲೆ ಸುಟ್ಟು ಬೂದಿ ಮಾಡಾಕ ಎಂಎಸ್ಸಿ ಬೇಕೇನಲೇ? ನಾ ವಾರಕ್ಕೊಮ್ಮೆ ಒಲಿ ಮ್ಯಾಲ ಮರತು ಮಾಡ್ತೇನಲ್ಲ.”

ಒಳಗಿನಿಂದ ಕಾಕಾ, “ಅದನ್ನ ಉಂಡು ಪಾಸಾದಾಂವ ನಾನು” ಎಂದ. ನೀನು ಅವನಿಗೆ ಅಂದು ಸಂಜೆ ಖಾಲಿ ರೊಟ್ಟಿ ಬಡಿಸಿದೆ.

ಆ ಮಳೆಗಾಲವೆಲ್ಲ ಶನಿವಾರ ಶನಿವಾರ ರೈಲಿಗೆ ಬಂದು ನಿನ್ನ ಜೊತೆ ರಸ್ತೆಗುಂಟ ಅಡ್ಡಾಡಿದ್ದು ನನ್ನ ಬದುಕಿನ ಒಳ್ಳೆಯ ದಿನಗಳು, ಚಿಗವ್ವಾ. ನಿನಗೆ ಗಿಡದ ಹೆಸರು ಗೊತ್ತು, ನನಗೆ ಗಿಡದ ಒಳಗು ಗೊತ್ತು. ಡಾಂಬರಿನ ಅಂಚಿಗೇ ಕರಕಿ ಹುಲ್ಲು ದಟ್ಟವಾಗಿ ಹಬ್ಬಿರುತ್ತಿತ್ತು. ಲಾರಿಯ ಗಾಲಿ ಹತ್ತಿದರೂ ಅದಕ್ಕೆ ಪರಿವೆ ಇಲ್ಲ. ಲೋಹಕ್ಕೂ ಅದು ಪೀಳಿಗೆಯಿಂದ ಪೀಳಿಗೆಗೆ ಒಗ್ಗಿಕೊಂಡುಬಿಡುತ್ತದೆ ಎಂದು ನಾನು ಹೇಳಿದೆ. “ಸೊಸಿ ಒಗ್ಗಿದಾಂಗ” ಎಂದೆ ನೀನು. ರಸ್ತೆ ಬದಿಯ ಬೇವಿನ ಎಲೆ ಹಿತ್ತಲ ಬೇವಿನ ಎಲೆಗಿಂತ ಚಿಕ್ಕದು, ಅಂಚು ಸುಟ್ಟದ್ದು. ಎರಡನ್ನೂ ಅಂಗೈಯಲ್ಲಿಟ್ಟು ತೋರಿಸಿದಾಗ ನೀನು ಬಹಳ ಹೊತ್ತು ನೋಡಿದೆ. ಎಕ್ಕಿ ಗಿಡದ ಎಲೆಯ ಬಿಳಿ ನವಿರಿನ ಮೇಲೆ ಧೂಳು ಮೆತ್ತಿ, ಅದು ಉಸಿರಾಡುವ ಸಣ್ಣ ಬಾಯಿಗಳೇ ಮುಚ್ಚಿಹೋಗಿರುತ್ತವೆ ಎಂದಾಗ ನೀನು ಸೆರಗಿನಿಂದ ಒಂದು ಎಲೆ ಒರೆಸಿಯೇ ಮುಂದೆ ನಡೆದಿದ್ದೆ. ಉಳಿದ ಎಲೆಗಳ ಪಾಡೇನು?

ಬ್ಯಾಟರಿ ಮೌಲಾಸಾಬರ ಅಂಗಡಿಯ ಮುಂದೆ ನಾವು ಚಹಾ ಕುಡಿದ ದಿನವೇ ನನಗೆ ಮೊದಲು ಅನುಮಾನ ಬಂದದ್ದು. ರಸ್ತಾಪಟ್ಟಿಯಿಂದ ಸ್ವಲ್ಪ ಮೇಲಕ್ಕೆ, ತಿರುವಿನಲ್ಲಿ ಅವರ ತಗಡಿನ ಅಂಗಡಿ. ಲಾರಿ, ಜೀಪುಗಳ ಹಳೆ ಬ್ಯಾಟರಿ ಬಿಚ್ಚಿ, ಒಳಗಿನ ಸೀಸದ ತಗಡು ಬದಲಿಸಿ ರಿಪೇರಿ ಮಾಡುವವರು. ಮಾತಾಡುತ್ತಲೇ ಅವರು ಒಂದು ಬ್ಯಾಟರಿಯನ್ನು ಬೋರಲು ಹಾಕಿದರು. ಒಳಗಿನ ಹುಳಿನೀರು, ಅಂದರೆ ಆ್ಯಸಿಡ್ಡು, ಗಟಾರಕ್ಕೆ ಬಿತ್ತು. ಗಟಾರದ ನೀರು ರಸ್ತೆಗುಂಟ ಇಳಿದು, ಮೋರಿ ದಾಟಿ, ನಿನ್ನ ಪಟ್ಟಿಯ ಬದುವಿನ ಒಡಕಿನಿಂದ ಒಳಗೆ ಹೋಯಿತು. ನೀನೇ ಆ ಒಡಕನ್ನು ಗುದ್ದಲಿಯಿಂದ ದೊಡ್ಡದು ಮಾಡಿದ್ದೆ, ಪುಕ್ಕಟೆ ನೀರು ಎಂದು. ನಾನು ಲೋಟ ಕೆಳಗಿಟ್ಟೆ. ನಿನಗೆ ಏನೂ ಹೇಳಲಿಲ್ಲ. ಗೊತ್ತಾಗದೆ ಏನು ಹೇಳುವುದು?

ಗಣಪತಿ ಹಬ್ಬ ಮುಗಿಯುತ್ತಲೇ ನೀನು ಅರ್ಧ ಪಟ್ಟಿಗೆ ಸಬ್ಬಸಗಿ ಬಿತ್ತಿದೆ. ಮಗಳು ಕಮಲಿ ಚೊಚ್ಚಲ ಹೆರಿಗೆಗೆ ಬಂದಿದ್ದಳು, ದೀಪಾವಳಿ ಕಳೆದು ಹಡೆಯುವವಳು. ಬಾಣಂತಿಗೆ ಸಬ್ಬಸಗಿ ಪಲ್ಲೆ ಹಾಕಿದರೆ ಹಾಲು ಚೆನ್ನಾಗಿ ಇಳಿಯುತ್ತದೆ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? “ನನ್ನ ಬಾಣಂತನಕ್ಕ ಅವ್ವ ಇದ ಮಣ್ಣಿನ ಸಬ್ಬಸಗಿ ಹಾಕಿದ್ಲು. ನನ್ನ ಮಗಳಿಗೂ ಇದ ಮಣ್ಣಿಂದ ಆಗಬೇಕ” ಎಂದು ನೀನು ಬೀಜ ಚೆಲ್ಲುತ್ತ ಹೇಳಿದ್ದೆ. ಕಮಲಿ ಬದುವಿನ ಮೇಲೆ ಕೂತು ಹುಣಸೆಕಾಯಿ ಚೀಪುತ್ತಿದ್ದಳು. ಆ ದಿನ ಎಷ್ಟು ಖುಷಿಯಲ್ಲಿದ್ದೆ ನೀನು.

ಮಾನೋಮಿ ಅಮಾವಾಸ್ಯೆಗೆ, ಹಿರಿಯರ ಪೂಜೆಗೆಂದು ನಾನು ಬಂದಾಗ ನನ್ನ ಚೀಲದಲ್ಲಿ ಪರೀಕ್ಷೆಯ ಫಲ ಇತ್ತು. ಊಟವಾಗುವ ತನಕ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದೆ: ರಸ್ತೆಯ ಧೂಳಿನಿಂದ ಬರುವುದು ಒಂದು ಪಾಲಾದರೆ, ಗಟಾರದ ನೀರಿನಿಂದ ಬಂದದ್ದು ಅದಕ್ಕಿಂತ ದೊಡ್ಡ ಪಾಲು. ಪಟ್ಟಿಯ ಸೊಪ್ಪಿನಲ್ಲಿ ಸೀಸ ಇದೆ. ಸಬ್ಬಸಗಿಯ ಎಲೆ ದಾರದಷ್ಟು ಸಣ್ಣ, ಧೂಳು ಅದರೊಳಗೆ ಸಿಕ್ಕಿಕೊಂಡರೆ ಎಷ್ಟು ತೊಳೆದರೂ ಪೂರ್ತಿ ಹೋಗದು. ತಾಯಿ ತಿಂದರೆ ಹಾಲಿಗೆ ಬರುತ್ತದೆ. ಎಳೆಗೂಸಿನ ಮಿದುಳಿಗೆ ಅದು ಒಳ್ಳೆಯದಲ್ಲ.

“ನನ್ನ ತವರ ಮಣ್ಣ ನನ್ನ ಮಗಳಿಗಿ ವಿಷ ಆಗೂದ?” ಎಂದು ಕೇಳಿದೆ ನೀನು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು.

“ಮಣ್ಣಲ್ಲ ಚಿಗವ್ವ, ಮಣ್ಣಿಗಿ ಬಂದದ್ದು…”

“ನಾವು ಉಂಡೀವಿ, ಊರ ಉಂಡೈತಿ. ಯಾರ ಸತ್ತಾರ? ಕಂಡೀಯೇನ ನೀ ಆ ಸೀಸಾನ? ನನಗ ತೋರಸ.”

ತೋರಿಸುವುದು ಹೇಗೆ? ಕಣ್ಣಿಗೆ ಕಾಣದ್ದು, ನಾಲಗೆಗೆ ಹತ್ತದ್ದು. ಹಿತ್ತಲ ಬಾವಿಯ ಪಕ್ಕ ಬೇರೆ ಸಬ್ಬಸಗಿ ಬಿತ್ತೋಣ ಎಂದರೆ ಅಲ್ಲಿ ಕಾಕಾನ ಮೆಣಸಿನಕಾಯಿ ಸಾಲು. ಅವನು ಮೆಣಸಿನಕಾಯಿ ಕೊಟ್ಟಾನೇ ಹೊರತು ಜಾಗ ಬಿಟ್ಟುಕೊಡುವವನಲ್ಲ. ಮೇಲಾಗಿ ಬಾವಿಯದು ಉಪ್ಪುಪ್ಪು ಸವಳು ನೀರು, ಸಬ್ಬಸಗಿ ಏಳುವುದಿಲ್ಲ ಎಂಬ ನೆಪ ನಿನ್ನದು. ಕಮಲಿ ಒಮ್ಮೆ ನಿನ್ನ ಮುಖ, ಒಮ್ಮೆ ನನ್ನ ಮುಖ ನೋಡಿ ಒಳಗೆ ಹೋಗಿ ಮಲಗಿದಳು. ಅವಳ ಹೊಟ್ಟೆಯೊಳಗಿದ್ದದ್ದು ಯಾರ ಮಾತು ನಂಬಬೇಕಿತ್ತು?

ಮರುದಿನ ಮುಂಜಾನೆ ಘಟ್ಟ ಹಾಕುವ ಹೊತ್ತಿಗೆ ನೀನು ಎರಡು ಬುಟ್ಟಿ ತೊಳೆದಿಟ್ಟಿದ್ದು ಯಾಕೆಂದು ನನಗೆ ತಿಳಿಯಲಿಲ್ಲ. ನವರಾತ್ರಿಯ ಮೊದಲ ದಿನ ಬುಟ್ಟಿಯಲ್ಲಿ ಹೊಲದ ಮಣ್ಣು ಹರವಿ, ಕಾಳು ಹಾಕಿ, ನಡುವೆ ನೀರಿನ ಕೊಡವಿಟ್ಟು, ಒಂಬತ್ತು ದಿನ ದೀಪ ಆರದಂತೆ ಕಾಯುವುದು. ಎದ್ದ ಸಸಿಯ ಬಣ್ಣ, ಎತ್ತರ ನೋಡಿ ಈ ವರ್ಷ ಯಾವ ಬೆಳೆ ಹೇಗೆ ಎಂದು ಹೇಳುವುದು. ನಮ್ಮ ಮನೆಗಳಲ್ಲೆಲ್ಲ ಇದು ಇದ್ದದ್ದೇ. ಆದರೆ ಮನೆಗೊಂದೇ ಘಟ್ಟ. ನೀನು ಒಂದು ಬುಟ್ಟಿಗೆ ಪಟ್ಟಿಯ ಗಟಾರದ ಒಡಕಿನ ಮಣ್ಣು ತಂದೆ, ಇನ್ನೊಂದಕ್ಕೆ ಬಾವಿ ಪಕ್ಕದ ಮಣ್ಣು. ಎರಡಕ್ಕೂ ಒಂದೇ ಬೊಗಸೆ ಜೋಳ, ಗೋಧಿ, ಹೆಸರು, ಕಡಲೆ. ಎರಡಕ್ಕೂ ಅದೇ ತಂಬಿಗೆಯ ನೀರು, ಅದೇ ಕತ್ತಲೆ ಮೂಲೆ, ಅದೇ ದೀಪ.

“ನೀನೂ ಹೇಳಬ್ಯಾಡ, ನಾನೂ ಹೇಳೂದಿಲ್ಲ. ದೇವಿ ಹೇಳ್ಲಿ” ಎಂದೆ.

ನಮ್ಮ ಗುರುಗಳು ಒಂದು ವರ್ಷ ಬಡಿದಾಡಿ ನನಗೆ ಕಲಿಸಿದ್ದು ಇದನ್ನೇ: ಒಂದು ಸಂಗತಿಯನ್ನು ಬಿಟ್ಟು ಉಳಿದದ್ದೆಲ್ಲ ಸಮ ಇರಬೇಕು. ನೀನು ಅದನ್ನು ದೇವಿಗೆ ಅನ್ಯಾಯ ಆಗಬಾರದೆಂದು ಮಾಡಿದೆ. ಪಕ್ಕದ ಮನೆಯ ನೀಲವ್ವ ಅರಿಷಿಣ ಕೇಳಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. “ಗಂಗವ್ವಾ, ಒಂದ ಮನ್ಯಾಗ ಎರಡ ಘಟ್ಟ ಹಾಕಿದ್ರ ಮನಿ ಎರಡ ಆಗತೈತ ಬೇ” ಎಂದಳು. “ಆಗ್ಲಿ ಬಿಡ, ಒಂದ ನನಗ ಒಂದ ನಿಮ್ಮಣ್ಣಗ” ಎಂದು ನೀನು ಅವಳ ಕೈಗೆ ಅರಿಷಿಣ ಹಾಕಿ ಕಳಿಸಿದೆ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಗಿತ್ತು.

ಸಸಿ ಮೂಡಿದ ಮುಂಜಾನೆ ನೀನು ನನ್ನನ್ನು ಕೈ ಹಿಡಿದು ಎಬ್ಬಿಸಿದೆ. ಎರಡೂ ಬುಟ್ಟಿಯಲ್ಲಿ ಮೊಳಕೆ ಬಂದಿದ್ದವು. ದಿನ ಕಳೆದಂತೆ ಪಟ್ಟಿಯ ಮಣ್ಣಿನ ಸಸಿ ಒಂದು ಕೂದಲೂ ಹಿಂದೆ ಬೀಳಲಿಲ್ಲ. ಹಿಂದೆ ಬೀಳುವುದಿರಲಿ, ಒಂದು ಬಣ್ಣ ಹೆಚ್ಚೇ ಹಸಿರು. ನೀನು ದೀಪಕ್ಕೆ ಎಣ್ಣೆ ಹಾಕುವಾಗ ಹಾಡು ಗುನುಗಲು ಸುರು ಮಾಡಿದೆ. ನೀಲವ್ವ ದಿನಕ್ಕೊಮ್ಮೆ ಬಂದು ಇಣುಕಿ, “ನಿನ್ನ ತವರ ಗೆದ್ದೈತ ಬೇ” ಎಂದು ಹೋಗುವಳು. ನನಗೆ ನನ್ನ ಮೇಲೇ ಅನುಮಾನ ಬಂತು. ಬೂದಿ ಮಾಡುವಾಗ ಎಲ್ಲಿಯಾದರೂ ತಪ್ಪಿದೆನೇ? ಪೊಟ್ಟಣ ಅದಲುಬದಲು ಮಾಡಿದೆನೇ? ಸುಮ್ಮನೆ ಒಬ್ಬ ತಾಯಿಯ ಸಂತೋಷ ಕೆಡಿಸಿದೆನೇ?

ನಡುವೆ ಒಂದು ದಿನ ಧಾರವಾಡಕ್ಕೆ ಹೋಗಿ ಗುರುಗಳ ಮನೆಯ ಬಾಗಿಲು ತಟ್ಟಿದೆ. ಹಬ್ಬದ ದಿನ ಬಂದೆ ಎಂದು ಅವರು ಬೈಯಲಿಲ್ಲ. ಎಲ್ಲಾ ಕೇಳಿ ಜೋರಾಗಿ ನಕ್ಕರು. “ಅಲ್ಲಮ್ಮಾ, ಐದಾರು ದಿನದ ಸಸಿಯನ್ನು ಮೇಲಿಂದ ನೋಡಿದರೆ ಏನು ತಿಳಿಯುತ್ತದೆ? ಅದು ಇನ್ನೂ ತನ್ನ ತಾಯಿಕಾಳು ಕಟ್ಟಿಕೊಟ್ಟ ಬುತ್ತಿ ಉಣ್ಣುತ್ತಿದೆ. ಆ ಮಣ್ಣನ್ನು ಮುಟ್ಟಿದ್ದು ಬೇರು ಮಾತ್ರ. ಬೇರು ನೋಡು” ಎಂದರು. ನೋಡುವುದೆಂತು? ದಸರಾದ ದಿನ ಘಟ್ಟ ಇಳಿಸುವ ತನಕ ಒಂದು ಸಸಿಯನ್ನೂ ಕೀಳುವ ಹಾಗಿಲ್ಲವಲ್ಲ. ತಿರುಗಿ ಬರುವಾಗ ರೈಲಿನಲ್ಲಿ ಕೂತು ನಿನಗೆ ಇದನ್ನು ಹೇಳಲೇ, ಬೇಡವೇ ಎಂದು ಅಣ್ಣಿಗೇರಿ ಬರುವವರೆಗೂ ಯೋಚಿಸಿದೆ. ಹೇಳಲಿಲ್ಲ. ದೇವಿ ಹೇಳಲಿ ಎಂದು ಒಪ್ಪಿಕೊಂಡಿದ್ದೆನಲ್ಲ.

ದಸರಾದ ಮುಂಜಾನೆ ನೀನು ಮಿಂದು, ಹಸಿ ಕೂದಲಿಗೆ ಗಂಟು ಹಾಕಿ, ಬುಟ್ಟಿಗಳ ಮುಂದೆ ಕೂತೆ. ಕಮಲಿ ಗೋಡೆಗೆ ಒರಗಿ ಕಾಲು ಚಾಚಿದ್ದಳು. ಮೊದಲು ಬಾವಿ ಮಣ್ಣಿನ ಸಸಿ ಕಿತ್ತೆ. ಬೇರು ಬಿಳಿ ದಾರದ ಹಾಗೆ ಉದ್ದಕ್ಕೆ ಬಂತು, ಜೊತೆಗೆ ಸಣ್ಣ ಸಣ್ಣ ಎಳೆಗಳು, ಮಣ್ಣು ಬಿಡಲೊಲ್ಲೆ ಎನ್ನುತ್ತಿದ್ದವು. ಆಮೇಲೆ ಪಟ್ಟಿಯ ಮಣ್ಣಿನದು ಕಿತ್ತೆ. ಹಿಡಿದೊಡನೆ ಕಿತ್ತು ಬಂತು. ಬೇರು ಮೊಂಡು, ಕಂದು ತುದಿ, ಮಣ್ಣಿನೊಳಗೆ ಇಳಿಯದೆ ಮೇಲಕ್ಕೇ ಸುತ್ತಿಕೊಂಡಿತ್ತು. ನೀನು ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಕಿತ್ತೆ. ಮತ್ತೊಂದು. ಜೋಳ, ಗೋಧಿ, ಹೆಸರು. ಎಲ್ಲವೂ ಹಾಗೆಯೇ.

ನನಗೆ ಗೆದ್ದೆ ಅನಿಸಲಿಲ್ಲ, ಅಳು ಬಂತು. ನೀನು ನಿನ್ನ ಮಡಿಲಿನಲ್ಲಿ ಆ ಮೊಂಡು ಬೇರುಗಳನ್ನು ಸಾಲಾಗಿ ಇಟ್ಟುಕೊಂಡು ಬೆರಳಿನಿಂದ ಸವರಿದೆ.

“ಮ್ಯಾಲ ಹಸರ ಅದಾವ, ಕೆಳಗ ಕಾಲ ಊರಾಕ ಆಗಿಲ್ಲ ಇವಕ್ಕ” ಎಂದೆ. “ಮಣ್ಣಿನ ತಪ್ಪಲ್ಲ ಸುಮೀ. ಮಣ್ಣ ಬಂದವರನ್ನ ಬ್ಯಾಡ ಅನ್ನೂದಿಲ್ಲ, ಎಲ್ಲಾರನೂ ಕರಕೋತೈತಿ.”

ಎರಡೂ ಬುಟ್ಟಿಯ ಸಸಿಯನ್ನು ಜೋಡಿಸಿ ನಿನ್ನ ತುರುಬಿಗೆ ಮುಡಿದೆ. ದೇವಿ ಕೊಟ್ಟ ಉತ್ತರದಲ್ಲಿ ಬೇಕಾದದ್ದು, ಬೇಡವಾದದ್ದು ಎಂದು ಆರಿಸುವುದು ನಿನಗೆ ಬರುತ್ತಿರಲಿಲ್ಲ. ಬನ್ನಿ ಕೊಡಲು ಬಂದವರೆಲ್ಲ “ಬಂಗಾರದಂಗ ಇರೂಣು” ಎಂದು ಹೇಳಿ ಹೋದ ಮೇಲೆ ನಾವಿಬ್ಬರೂ ಪಟ್ಟಿಗೆ ಹೋದೆವು. ಅಷ್ಟೊತ್ತಿಗೆ ಗೇಣುದ್ದ ಎದ್ದಿದ್ದ ಸಬ್ಬಸಗಿಯನ್ನು ನೀನೇ ಕಿತ್ತೆ. ದನಕ್ಕೂ ಹಾಕಬೇಡ ಎಂದೆ ನಾನು, ನೀನು ಹಾಕಲಿಲ್ಲ. ಹೊಲದ ಮೂಲೆಯಲ್ಲಿ ಕುಣಿ ತೋಡಿ ಹೂಳಿದೆ. ಬದುವಿನ ಒಡಕಿಗೆ ಕಲ್ಲು ಹಾಕಿ ಮುಚ್ಚಿದೆ. ಆ ದಿನ ನಿನ್ನ ಮೇಲೆ ನನಗೆ ಬಂದ ಪ್ರೀತಿಯನ್ನು ಅಂದೇ ಬಾಯಿಬಿಟ್ಟು ಹೇಳಬೇಕಿತ್ತು. ನಮ್ಮಲ್ಲಿ ಯಾರು ಹಾಗೆ ಹೇಳುತ್ತಾರೆ? ಈಗ ಬರೆಯುತ್ತಿದ್ದೇನೆ.

ಮನೆಗೆ ಬಂದೊಡನೆ ನೀನು ಕಾಕಾನ ಮುಂದೆ ನಿಂತು, “ಕೇಳ್ರಿ ಇಲ್ಲೆ, ಬಾವಿ ಬಾಜೂಕ ಮೂರ ಸಾಲ ಮೆಣಸಿನಗಿಡ ಕೀಳಬೇಕ” ಎಂದದ್ದೂ, ಅವನು “ಮೂರ ಸಾಲ? ಅದರ ಬದಲಿ ನನ್ನ ಮೂರ ಹಲ್ಲ ಕೀಳ” ಎಂದದ್ದೂ ನೆನಪಾಗಿ ಈಗಲೂ ನಗು ಬರುತ್ತದೆ. ಮರುದಿನ ಅವನೇ ಕಿತ್ತ. ಸವಳು ನೀರಿಗೆ ಸಬ್ಬಸಗಿ ಏಳುವುದಿಲ್ಲ ಎಂದಿದ್ದೆಯಲ್ಲ, ಎದ್ದಿತು. ಸ್ವಲ್ಪ ಗಿಡ್ಡ, ಸ್ವಲ್ಪ ಒರಟು, ಆದರೆ ಘಮ ಜೋರು. ಕಮಲಿ ಹಡೆದ ಹೊತ್ತಿಗೆ ಚೋಟುದ್ದ ಆಗಿತ್ತು. ಹೆಣ್ಣು ಕೂಸು. ನೀನು ಬಾಣಂತಿ ಕೋಣೆಯ ಹೊಗೆಯಲ್ಲಿ ಕೂತು ಬಟ್ಟಲಿನಲ್ಲಿ ಪಲ್ಲೆ ಬೆರೆಸುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ.

ಕೂಸಿಗೆ ಎರೆಯುತ್ತಿದ್ದ ಒಂದು ಮುಂಜಾನೆ ನಾನು ನನ್ನ ಪ್ರಬಂಧದ ಕೊನೆಯ ಮಾತನ್ನು ನಿನಗೆ ಓದಿ ಹೇಳಿದ್ದೆ. ಇಂಥ ಮಣ್ಣಿನಲ್ಲಿ ಬೆಳೆದ ಗಿಡ ಸೀಸದ ಬಹುಪಾಲನ್ನು ಬೇರಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಎಲೆಗೆ ಕಡಿಮೆ ಬಿಡುತ್ತದೆ, ಕಾಳಿಗೆ ಎಲ್ಲಕ್ಕಿಂತ ಕಡಿಮೆ. ತನ್ನ ಕಾಲು ಸುಟ್ಟುಕೊಂಡರೂ ಮುಂದೆ ಹುಟ್ಟುವುದಕ್ಕೆ ಆದಷ್ಟು ತಾಗದಂತೆ ನೋಡಿಕೊಳ್ಳುತ್ತದೆ. ನೀನು ಕೂಸಿನ ನೆತ್ತಿಗೆ ಎಣ್ಣೆ ಒತ್ತುತ್ತ, “ಇಷ್ಟ ಹೇಳಾಕ ಎರಡ ವರ್ಷ ಬೇಕಾತ ನಿಮಗ?” ಎಂದೆ. ನಾನು ಹೌದೆಂದೆ. “ಇರ್ಲಿ, ಬರದ ಇಡ್ರಿ. ಗಂಡಸರಿಗಿ ಗೊತ್ತಿರೂದಿಲ್ಲ” ಎಂದೆ.

ಮೌಲಾಸಾಬರ ಅಂಗಡಿಗೆ ನೀನು ಜಗಳಕ್ಕೆ ಹೋಗುತ್ತೀ ಎಂದು ಹೆದರಿ ನಾನೂ ಜೊತೆಗೆ ಬಂದಿದ್ದೆ. ನೀನು ಮೊಂಡು ಬೇರಿನ ಒಣಗಿದ ಸಸಿಗಳನ್ನು ಅವರ ಕೈಗೆ ಕೊಟ್ಟು ಸುಮ್ಮನೆ ನಿಂತೆ. ಅವರು ನನ್ನಿಂದ ಎಲ್ಲ ಕೇಳಿಸಿಕೊಂಡು, “ಅಕ್ಕಾರ, ನನ್ನ ಕೈಯಾಗೂ ದಿನಾ ಅದ ಇರತೈತಲ್ರಿ” ಎಂದು ಅಂಗೈ ತಿರುಗಿಸಿ ನೋಡಿಕೊಂಡರು. ಅದು ನಮಗೂ ಹೊಳೆದಿರಲಿಲ್ಲ. ಅಂಗಡಿಯ ಹಿಂದೆ ಸಿಮೆಂಟಿನ ಹೊಂಡ ಕಟ್ಟಿಸಿದರು, ಊಟಕ್ಕೆ ಮುಂಚೆ ಸಬಕಾರ ಹಚ್ಚಿ ಕೈ ತೊಳೆಯತೊಡಗಿದರು. ಮುಂದಿನ ವರ್ಷ ನೀನು ಪಟ್ಟಿಯ ತುಂಬ ಚೆಂಡುಹೂ ಹಾಕಿದಾಗ ಆಯುಧಪೂಜೆಗೆ ಮೊದಲ ಮಾಲೆ ಕೊಂಡವರೂ ಅವರೇ. ಆಮೇಲೆ ಲಾರಿ, ಜೀಪು, ಮೋಟಾರುಗಳು ಸಾಲುಗಟ್ಟಿ ನಿಂತವು. “ಹೊಗಿ ಬಿಟ್ಟಾವರ ಕೊರಳಿಗೇ ಹೂವಿನ ಮಾಲಿ” ಎಂದು ನೀನು ಪೋಣಿಸುತ್ತ ನಕ್ಕೆ. ತಿನ್ನದ ಬೆಳೆ ಹಾಕು ಎಂದು ನಾನು ಹೇಳಿದ್ದು ನಿಜ. ಆದರೆ ಆ ಮಣ್ಣಿನ ಹೂವು ಆ ಗಾಡಿಗಳಿಗೇ ಹೋಗಬೇಕೆಂಬ ಲೆಕ್ಕ ನಿನ್ನದೇ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ.

ನೀನು ಇರುವ ತನಕ ಪ್ರತಿ ವರ್ಷ ಎರಡು ಘಟ್ಟ ಹಾಕಿದೆ, ಪಟ್ಟಿಯ ಮಣ್ಣು ಹೇಗಿದೆ ಎಂದು ದೇವಿಯನ್ನು ಕೇಳಲು. ನೀನು ಹೋದ ಆ ವರ್ಷ ಸೂತಕವೆಂದು ನಾವು ಹಾಕಲಿಲ್ಲ. ಈ ಸಲ ನಾನೂ ಕಮಲಿಯೂ ಬಂದು ಹಾಕಿದೆವು. ನಿನ್ನೆ ಕಿತ್ತು ನೋಡಿದರೆ ಪಟ್ಟಿಯ ಬೇರು ಮೊದಲಿಗಿಂತ ಉದ್ದ ಬಂದಿದೆ, ತುದಿ ಬಿಳಿ. ಸೀಸ ಎಲ್ಲಿಗೂ ಹೋಗಿರುವುದಿಲ್ಲ, ಅದು ಅಷ್ಟು ಬೇಗ ಹೋಗುವಂಥದ್ದಲ್ಲ. ಗಟಾರದ ಹುಳಿ ನಿಂತದ್ದಕ್ಕೆ ಮಣ್ಣು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿರಬೇಕು. ಪಲ್ಲೆ ಬಿತ್ತುವುದಿಲ್ಲ, ಹೆದರಬೇಡ. ಚೆಂಡುಹೂವೇ ಇದೆ. ಕಮಲಿಯ ಮಗಳು ಸಾಲೆಗೆ ಹೋಗುತ್ತಾಳೆ, ಬಾಯಿ ನಿನ್ನದೇ. ನಿನ್ನೆ ಅವಳಿಗೆ ಬೇರು ನೋಡುವುದನ್ನು ಕಲಿಸಿದ್ದೇನೆ. ನಾನು ಎಲ್ಲೇ ಇದ್ದರೂ ದಸರಾಕ್ಕೆ ಬಂದು ಆ ಎರಡನೇ ಬುಟ್ಟಿ ಇಡಿಸುತ್ತೇನೆ, ಇದು ನನ್ನ ಮಾತು.

ಆದರೆ ಸುದ್ದಿ ಅದಲ್ಲ. ನಿನ್ನೆ ಬನ್ನಿ ಕೊಡಲು ನೀಲವ್ವನ ಮನೆಗೆ ಹೋದರೆ, ಜಗುಲಿಯ ಮೂಲೆಯಲ್ಲಿ ಎರಡು ಬುಟ್ಟಿ. ಒಂದರಲ್ಲಿ ಅವರ ರಸ್ತೆ ಹೊಲದ ಮಣ್ಣು, ಇನ್ನೊಂದರಲ್ಲಿ ಹಿತ್ತಲದ್ದು. ಆಚೆ ಮನೆಯಲ್ಲೂ ಎರಡು. ಓಣಿಯ ತುದಿಯ ತನಕ ನೋಡಿಕೊಂಡು ಬಂದೆ, ರಸ್ತೆಗೆ ಹೊಲ ಇದ್ದವರ ಮನೆಯಲ್ಲೆಲ್ಲ ಎರಡೆರಡು. ಸಸಿಯನ್ನು ಮುಡಿಯುವ ಮುನ್ನ ಹೆಂಗಸರು ಬೆಳಕಿಗೆ ಹಿಡಿದು ಬೇರು ನೋಡುತ್ತಾರೆ. ನೀಲವ್ವನ ಹೊಸ ಸೊಸೆ ನವಲಗುಂದದ ಕಡೆಯವಳು. ಅವಳು, “ನಮ್ಮಲ್ಲೆ ಒಂದ ಇಡ್ತಾರ್ರೀ. ಇಲ್ಲೆ ಎರಡ ಯಾಕ್ರೀ ಅತ್ತಿ? ಯಾರ ಸುರು ಮಾಡಿದ್ರಿ ಇದನ್ನ?” ಎಂದು ಕೇಳಿದಳು.

ಮನೆ ಎರಡಾಗುತ್ತದೆ ಎಂದಿದ್ದ ಅದೇ ನೀಲವ್ವ, ಬೇರಿನ ಮಣ್ಣು ಒರೆಸುತ್ತ, ತಲೆ ಎತ್ತದೆ ಹೇಳಿದಳು: “ಯಾರರ ಸುರು ಮಾಡೂದಲ್ಲವ್ವ ಇದು. ನಮ್ಮ ಹಿರ್ಯಾರ ಕಾಲದಿಂದ ನಡಕೋತ ಬಂದದ್ದು.”

ನಾನು ಬಾಯಿ ತೆರೆದೆ. ಹಿಂದೆ ನಿಂತಿದ್ದ ಕಾಕಾ ನನ್ನ ಭುಜ ಹಿಡಿದ.

“ಇರ್ಲಿ ಬಿಡ ಸುಮೀ” ಎಂದ. “ಖರೆ ಐತಿ. ಅಕಿ ಈಗ ಹಿರ್ಯಾರಾಗ ಅದಾಳಲ್ಲ.”

ನಿನ್ನ,
ಸುಮಿ